ಮಾತು ದಾಟಿಸಿದವರು



ಮನೆಯಲ್ಲಿ ಒಂದು ಭಾಷೆ, ಸಂತೆಯಲ್ಲಿ ಇನ್ನೊಂದು, ಕಚೇರಿಗೆ ಕೊಡುವ ಅರ್ಜಿಯಲ್ಲಿ ಮತ್ತೊಂದು. ಗಡಿನಾಡಿನಲ್ಲಿ ಬದುಕುವ ನಮಗೆ ಇದು ಹೊಸದೇನಲ್ಲ. ಊರಿಗೆ ಹೊಸ ಅಧಿಕಾರಿ ಬಂದರೆ ಎರಡೂ ಭಾಷೆ ಬಲ್ಲವರೊಬ್ಬರನ್ನು ಮುಂದೆ ಮಾಡಿ, ‘ನೀವೇ ಮಾತಾಡಿ’ ಎನ್ನುತ್ತೇವೆ. ಕೆಲಸ ಆಗುತ್ತದೆ. ಅಧಿಕಾರಿಯ ಹೆಸರು ಕಡತದಲ್ಲಿ ಉಳಿಯುತ್ತದೆ, ಅರ್ಜಿದಾರನ ಹೆಸರೂ ಉಳಿಯುತ್ತದೆ. ನಡುವೆ ನಿಂತು ಮಾತು ದಾಟಿಸಿದವರ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಇಂಥವರ ಬೆನ್ನ ಮೇಲೆ ಸಾಗಿದ ಒಂದು ದೊಡ್ಡ ಪ್ರಯಾಣದ ಕಥೆ ಅಮೆರಿಕ ದೇಶದ ಚರಿತ್ರೆಯಲ್ಲಿದೆ. ಇನ್ನೂರು ವರ್ಷಗಳಿಗೂ ಹಿಂದಿನ ಆ ಕಥೆಯನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

1803ನೆಯ ಇಸವಿಯ ಏಪ್ರಿಲ್ ತಿಂಗಳ ಕೊನೆಯಲ್ಲಿ ಪ್ಯಾರಿಸ್ ನಗರದಲ್ಲಿ ಒಂದು ಕ್ರಯಪತ್ರವಾಯಿತು. ಮಾರಿದ್ದು ನೆಪೋಲಿಯನ್ನನ ಫ್ರಾನ್ಸ್. ಕೊಂಡದ್ದು ಹುಟ್ಟಿ ಇನ್ನೂ ಮೂವತ್ತು ವರ್ಷ ತುಂಬದ ಅಮೆರಿಕ ಸಂಯುಕ್ತ ಸಂಸ್ಥಾನ. ಬೆಲೆ ಒಂದೂವರೆ ಕೋಟಿ ಡಾಲರ್. ಸ್ವತ್ತು ಯಾವುದೆಂದರೆ, ಮಿಸಿಸಿಪ್ಪಿ ನದಿಯಿಂದ ಪಶ್ಚಿಮಕ್ಕೆ ರಾಕಿ ಪರ್ವತಗಳವರೆಗೆ ಹರಡಿದ ಎಂಟು ಲಕ್ಷ ಚದರ ಮೈಲಿಗೂ ಮಿಕ್ಕಿದ ಭೂಮಿ. ಆ ನೆಲದ ಮೇಲೆ ವಾಸವಾಗಿದ್ದ ಯಾವ ಜನಾಂಗವೂ ಆ ಪತ್ರಕ್ಕೆ ಸಾಕ್ಷಿ ಹಾಕಿರಲಿಲ್ಲ. ಮಾರಾಟವಾದ ಸುದ್ದಿಯೇ ಅವರಿಗೆ ತಿಳಿದಿರಲಿಲ್ಲ.

ಆಗ ಅಮೆರಿಕದ ಅಧ್ಯಕ್ಷರಾಗಿದ್ದವರು ಥಾಮಸ್ ಜೆಫರ್ಸನ್. ಈ ಕ್ರಯಪತ್ರವಾಗುವುದಕ್ಕೆ ಮೊದಲೇ, ಆ ವರ್ಷದ ಜನವರಿಯಲ್ಲಿ, ಪಶ್ಚಿಮ ಸಮುದ್ರದವರೆಗೆ ಒಂದು ತಂಡವನ್ನು ಕಳುಹಿಸಲು ಅವರು ತಮ್ಮ ಸಂಸತ್ತಿನ ಮುಂದೆ ಗುಟ್ಟಾಗಿ ಬೇಡಿಕೆ ಇಟ್ಟಿದ್ದರು. ಮಂಜೂರಾದದ್ದು ಎರಡೂವರೆ ಸಾವಿರ ಡಾಲರ್. ಕೊನೆಗೆ ಖರ್ಚಾದದ್ದು ಅದರ ಹತ್ತು ಪಟ್ಟಿಗೂ ಹೆಚ್ಚು. ತಂಡದ ಮುಖ್ಯಸ್ಥ ಜೆಫರ್ಸನ್ನರ ಖಾಸಗಿ ಕಾರ್ಯದರ್ಶಿಯಾಗಿದ್ದ ಕ್ಯಾಪ್ಟನ್ ಮೆರಿವೆದರ್ ಲೂಯಿಸ್. ತನ್ನ ಜೊತೆಗಾರನಾಗಿ ಅವನು ಕರೆದುಕೊಂಡದ್ದು ಹಳೆಯ ಸೈನಿಕ ಮಿತ್ರ ವಿಲಿಯಂ ಕ್ಲಾರ್ಕ್‌ನನ್ನು. ಮಿಸೌರಿ ನದಿಯ ಗುಂಟ ಮೇಲೆ ಹೋಗಬೇಕು, ಪರ್ವತ ದಾಟಬೇಕು, ಪೆಸಿಫಿಕ್ ಸಾಗರ ಮುಟ್ಟಿ ಬರಬೇಕು. ದಾರಿಯಲ್ಲಿ ಸಿಗುವ ಗಿಡ, ಪ್ರಾಣಿ, ಮಣ್ಣು, ಹವೆ, ಜನ, ಜನರ ಭಾಷೆ ಎಲ್ಲವನ್ನೂ ಬರೆದಿಡಬೇಕು. ಇದು ಅಧ್ಯಕ್ಷರ ಅಪ್ಪಣೆ.

ಪಾಠದ ಪುಸ್ತಕಗಳಲ್ಲಿ ಈ ಪ್ರದೇಶವನ್ನು ‘ಯಾರೂ ಕಾಲಿಡದ ನಾಡು’ ಎಂದು ಬಣ್ಣಿಸುವುದುಂಟು. ಈ ತಂಡದವರು ದಿನ ದಿನವೂ ಬರೆದ ದಿನಚರಿಗಳೇ ಆ ಮಾತು ಸುಳ್ಳೆಂದು ತೋರಿಸುತ್ತವೆ. ಹೋದ ದಾರಿಯಲ್ಲೆಲ್ಲ ಅವರಿಗೆ ಊರುಗಳು ಸಿಕ್ಕವು. ಜೋಳದ ಹೊಲ, ಮೀನು ಹಿಡಿಯುವ ಕಟ್ಟೆ, ಕುದುರೆಗಳ ಹಿಂಡು, ವ್ಯಾಪಾರದ ಸಂತೆ ಎಲ್ಲವೂ ಇದ್ದವು. ಒಂದು ನದಿಯ ತಿರುವಿನಿಂದ ಇನ್ನೊಂದಕ್ಕೆ ಹೋದರೆ ಭಾಷೆ ಬದಲಾಗುತ್ತಿತ್ತು. ತಂಡದ ನಿಜವಾದ ಕಷ್ಟ ಅಲ್ಲಿಂದಲೇ ಶುರುವಾಯಿತು. ದೋಣಿ ಕಟ್ಟಬಲ್ಲವರಿದ್ದರು, ಬಂದೂಕು ಹಾರಿಸುವವರಿದ್ದರು. ಆದರೆ ಎದುರಿಗೆ ಬಂದು ನಿಂತವರ ಜೊತೆ ಮಾತಾಡುವವರು ಯಾರು?

1804ರ ಮೇ 14ರಂದು ಸುಮಾರು ನಲವತ್ತೈದು ಜನ ಒಂದು ದೊಡ್ಡ ದೋಣಿ, ಎರಡು ಸಣ್ಣ ದೋಣಿಗಳಲ್ಲಿ ಹೊರಟರು. ಆಗಸ್ಟ್ ಮೊದಲ ವಾರದಲ್ಲಿ ಓಟೊ ಮತ್ತು ಮಿಸೌರಿಯ ಎಂಬ ಜನಾಂಗಗಳ ಮುಖಂಡರೊಡನೆ ಮೊದಲ ಸಭೆ ನಡೆಯಿತು. ಲೂಯಿಸ್ ಒಂದು ಉದ್ದನೆಯ ಭಾಷಣ ಮಾಡಿದ. ನಿಮ್ಮ ಹಳೆಯ ತಂದೆಗಳಾದ ಫ್ರೆಂಚರು, ಸ್ಪೇನಿನವರು ಸಮುದ್ರದಾಚೆ ಹೊರಟುಹೋದರು, ಇನ್ನು ಮುಂದೆ ಪೂರ್ವದಲ್ಲಿರುವ ಹೊಸ ಮಹಾತಂದೆಯೇ ನಿಮಗೆ ತಂದೆ ಎಂಬುದು ಅದರ ಸಾರ. ಜೆಫರ್ಸನ್ನರ ಮುಖವಿದ್ದ ಪದಕಗಳನ್ನು ಹಂಚಿದರು. ಹೋದಲ್ಲೆಲ್ಲ ಇದೇ ಭಾಷಣ, ಇವೇ ಪದಕಗಳು. ಇಂಗ್ಲಿಷಿನಲ್ಲಿ ಅದು ಆಳುವವರ ಮಾತು. ಕೇಳಿದವರ ಭಾಷೆಯಲ್ಲಿ ‘ತಂದೆ’ ಎಂದರೆ ಅನ್ನ ಹಾಕುವವನು, ಕಾಪಾಡುವವನು. ಅದೇ ಶಬ್ದ ಆಚೆ ದಡ ಸೇರಿತು, ಅದರ ಅರ್ಥ ಸೇರಿತೇ? ನಮ್ಮಂಥ ಎರಡು ಭಾಷೆಯವರಿಗೆ ಈ ಪ್ರಶ್ನೆಯ ತೂಕ ಬೇಗ ತಿಳಿಯುತ್ತದೆ.

ಮಾತಾಡುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಸೆಪ್ಟೆಂಬರಿನಲ್ಲಿ ಗೊತ್ತಾಯಿತು. ತಂಡದಲ್ಲಿ ಪಿಯೆರ್ ಡೋರಿಯಾನ್ ಎಂಬ ಫ್ರೆಂಚ್ ವ್ಯಾಪಾರಿಯಿದ್ದ. ಸೂ ಜನರ ಭಾಷೆಯನ್ನು ಬಲ್ಲವನು ಅವನೊಬ್ಬನೇ. ಅವನನ್ನು ಹಿಂದಿನ ಊರಿನಲ್ಲೇ ಬಿಟ್ಟು ಬಂದಿದ್ದರು. ಮುಂದೆ ಲಕೋಟಾ ಸೂ ಜನರ ಸೀಮೆ ಬಂತು. ಆ ನದಿಯ ವ್ಯಾಪಾರವೆಲ್ಲ ಅವರ ಹಿಡಿತದಲ್ಲಿತ್ತು. ತಮ್ಮ ನದಿಯಲ್ಲಿ ಸರಕು ತುಂಬಿದ ದೋಣಿ ಹೋಗಬೇಕಾದರೆ ಕೊಡುವುದನ್ನು ಕೊಟ್ಟು ಹೋಗಬೇಕು ಎಂಬುದು ಅವರ ನ್ಯಾಯ. ಸೆಪ್ಟೆಂಬರ್ 25ರಂದು ಕೊಟ್ಟ ಉಡುಗೊರೆ ಸಾಲದೆಂದು ಮಾತು ಬೆಳೆಯಿತು. ಕೆಲವರು ದೋಣಿಯ ಹಗ್ಗ ಹಿಡಿದರು. ಕ್ಲಾರ್ಕ್ ಕತ್ತಿ ಎಳೆದ, ಅವರು ಬಿಲ್ಲಿಗೆ ಬಾಣ ಹೂಡಿದರು. ಬ್ಲ್ಯಾಕ್ ಬಫಲೋ ಎಂಬ ಹಿರಿಯ ಮುಖಂಡ ನಡುವೆ ಬಂದು ಹಗ್ಗ ಬಿಡಿಸಿದ್ದರಿಂದ ರಕ್ತಪಾತ ತಪ್ಪಿತು. ಆಮೇಲಿನ ದಿನಗಳಲ್ಲಿ ಅವರಿಗೆ ನೆರವಾದದ್ದು ಕ್ರೂಜಾಟ್ ಎಂಬ ಒಕ್ಕಣ್ಣಿನ ದೋಣಿಗಾರ. ಅವನ ತಾಯಿ ಒಮಾಹಾ ಜನಾಂಗದವಳು. ಲಕೋಟಾ ಊರಿನಲ್ಲಿ ಸೆರೆಯಲ್ಲಿದ್ದ ಒಮಾಹಾ ಜನರು ತಮ್ಮ ಭಾಷೆಯಲ್ಲಿ ಅವನ ಕಿವಿಯಲ್ಲಿ ಹೇಳಿದರು: ನಿಮ್ಮನ್ನು ಮುಂದಕ್ಕೆ ಬಿಡದಿರುವ ಆಲೋಚನೆ ನಡೆದಿದೆ, ಎಚ್ಚರವಾಗಿರಿ. ತಾಯಿಯಿಂದ ಕಲಿತ ಭಾಷೆ ಇಡೀ ತಂಡವನ್ನು ಎಚ್ಚರಿಸಿತು.

ಚಳಿಗಾಲ ಬಂತು. ನದಿ ಹೆಪ್ಪುಗಟ್ಟಿತು. ಇಂದಿನ ಉತ್ತರ ಡಕೋಟಾ ರಾಜ್ಯದಲ್ಲಿ ಮಂಡಾನ್ ಮತ್ತು ಹಿಡಾಟ್ಸಾ ಜನರ ಐದು ಊರುಗಳಿದ್ದವು. ಮಣ್ಣಿನ ಗುಂಡುಮನೆಗಳು, ಜೋಳ, ಹುರುಳಿಯಂಥ ಕಾಳು, ಕುಂಬಳದ ಬೆಳೆ. ಎಲ್ಲ ಸೇರಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ. ತಂಡದವರು ಅಲ್ಲಿಯೇ ಪಕ್ಕದಲ್ಲಿ ಮರದ ಕೋಟೆ ಕಟ್ಟಿಕೊಂಡರು. ಆ ಚಳಿಗಾಲದಲ್ಲಿ ಅವರ ಹೊಟ್ಟೆ ತುಂಬಿಸಿದ್ದು ಮುಖ್ಯವಾಗಿ ಮಂಡಾನ್ ಹೆಂಗಸರು ಬೆಳೆದ ಜೋಳ.

ಅಲ್ಲಿ ಶಾರ್ಬೊನೊ ಎಂಬ ಫ್ರೆಂಚ್ ಕೆನಡಾದ ವ್ಯಾಪಾರಿ ಕೆಲಸ ಕೇಳಿಕೊಂಡು ಬಂದ. ಅವನಿಗೆ ಇಂಗ್ಲಿಷ್ ಬಾರದು. ಅವನ ಹಿಡಾಟ್ಸಾ ಮಾತೂ ಅಷ್ಟಕ್ಕಷ್ಟೆ. ಆದರೆ ಅವನ ಹೆಂಡತಿ ಸಕಾಗವಿಯ ಶೋಶೋನಿ ಜನಾಂಗದವಳು. ರಾಕಿ ಪರ್ವತದ ಮಗ್ಗುಲಲ್ಲಿ ಕುದುರೆ ಸಾಕುವ ಜನ ಅವರು. ಪರ್ವತ ದಾಟಲು ಕುದುರೆ ಬೇಕು. ಕುದುರೆ ಕೊಳ್ಳಲು ಶೋಶೋನಿ ಮಾತು ಬೇಕು. ಈ ಲೆಕ್ಕದಿಂದ ಶಾರ್ಬೊನೊನಿಗೆ ಕೆಲಸ ಸಿಕ್ಕಿತು.

ಆಕೆಗೆ ಆಗ ಹದಿನಾರೋ ಹದಿನೇಳೋ ವರ್ಷ. ಐದು ವರ್ಷಗಳ ಹಿಂದೆ ಹಿಡಾಟ್ಸಾ ದಾಳಿಕೋರರು ಅವಳನ್ನು ತನ್ನ ಜನರಿಂದ ಹೊತ್ತು ತಂದಿದ್ದರು. ಅವಳು ಹಿಡಾಟ್ಸಾ ಕಲಿತದ್ದು ಸೆರೆಯಲ್ಲಿ. ಸಕಾಗವಿಯ ಎಂದರೆ ಹಿಡಾಟ್ಸಾದಲ್ಲಿ ‘ಹಕ್ಕಿ ಹೆಣ್ಣು’. 1805ರ ಫೆಬ್ರವರಿ 11ರಂದು ಅವಳಿಗೆ ಗಂಡು ಮಗುವಾಯಿತು. ಹೆರಿಗೆ ತಡವಾದಾಗ ಗಿಲಕಿ ಹಾವಿನ ಬಾಲದ ಗಿಲಕಿಯನ್ನು ಪುಡಿಮಾಡಿ ನೀರಲ್ಲಿ ಕುಡಿಸಿದ್ದನ್ನು ಲೂಯಿಸ್ ದಿನಚರಿಯಲ್ಲಿ ಬರೆದಿದ್ದಾನೆ. ಎರಡು ತಿಂಗಳೂ ತುಂಬದ ಆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಏಪ್ರಿಲ್ 7ರಂದು ಅವಳು ಹೊರಟಳು.

ಆ ಚಳಿಗಾಲದ ಇನ್ನೊಂದು ಸಂಗತಿ ಹೇಳಲೇಬೇಕು. ಜೆಫರ್ಸನ್ನರು ಅಚ್ಚು ಮಾಡಿಸಿದ ಒಂದು ಪಟ್ಟಿಯಿತ್ತು. ಬೆಂಕಿ, ನೀರು, ಭೂಮಿ, ಅಪ್ಪ, ಅಮ್ಮ – ಹೀಗೆ ಇನ್ನೂರೈವತ್ತಕ್ಕೂ ಹೆಚ್ಚು ಶಬ್ದಗಳು. ಪ್ರತಿ ಜನಾಂಗದ ಭಾಷೆಯಲ್ಲಿ ಅವಕ್ಕೆ ಏನೆನ್ನುತ್ತಾರೆಂದು ಎದುರಿನ ಖಾಲಿ ಜಾಗದಲ್ಲಿ ತುಂಬಬೇಕು. ಮಂಡಾನ್ ಊರುಗಳಲ್ಲಿ ಈ ಕೆಲಸ ನಡೆಯುವಾಗ ಚಾರ್ಲ್ಸ್ ಮೆಕೆಂಜಿ ಎಂಬ ವ್ಯಾಪಾರಿ ಅಲ್ಲಿದ್ದ. ದುಭಾಷಿಗಳಾದ ಇಬ್ಬರು ಫ್ರೆಂಚರು ಒಂದೊಂದು ಶಬ್ದದ ಅರ್ಥಕ್ಕೂ ಬಿಸಿಬಿಸಿ ಜಗಳವಾಡಿದರಂತೆ. ತಮ್ಮ ಮಾತನ್ನು ಇವರು ಯಾಕೆ ಕಾಗದದ ಮೇಲೆ ಇಳಿಸಿಕೊಳ್ಳುತ್ತಿದ್ದಾರೆ ಎಂದು ಊರಿನವರಿಗೆ ತಿಳಿಯಲಿಲ್ಲ. ಇವರಿಗೆ ನಮ್ಮ ನಾಡಿನ ಮೇಲೆ ಕೆಟ್ಟ ಕಣ್ಣಿದೆ ಎಂದೇ ಅವರು ತೀರ್ಮಾನಿಸಿದರು ಎಂದು ಮೆಕೆಂಜಿ ಬರೆದಿಟ್ಟಿದ್ದಾನೆ. ಅದು ಮೂಢರ ಸಂಶಯವಾಗಿರಲಿಲ್ಲ ಎಂಬುದನ್ನು ಮುಂದೆ ನೋಡೋಣ.

ಬೇಸಗೆಯ ಪ್ರಯಾಣವನ್ನು ಬೇಗ ಹೇಳಿ ಮುಗಿಸುತ್ತೇನೆ. ಮೇ 14ರಂದು ಬಿರುಗಾಳಿಗೆ ದೋಣಿ ವಾಲಿ ನೀರು ತುಂಬಿತು. ಚುಕ್ಕಾಣಿ ಹಿಡಿದಿದ್ದ ಶಾರ್ಬೊನೊ ದೇವರನ್ನು ಕೂಗತೊಡಗಿದ. ಹಿಂಭಾಗದಲ್ಲಿ ಕೂಸಿನೊಡನೆ ಕೂತಿದ್ದ ಸಕಾಗವಿಯ ತೇಲಿಹೋಗುತ್ತಿದ್ದ ಸಾಮಾನುಗಳನ್ನು ಗಾಬರಿಯಿಲ್ಲದೆ ಒಂದೊಂದಾಗಿ ಹಿಡಿದು ಒಳಗಿಟ್ಟುಕೊಂಡಳು. ಜೂನ್ ತಿಂಗಳಲ್ಲಿ ಮಿಸೌರಿಯ ಮಹಾಜಲಪಾತಗಳು ಅಡ್ಡಬಂದವು. ದೋಣಿಗಳನ್ನು ಬಂಡಿಯ ಮೇಲೇರಿಸಿ ಹದಿನೆಂಟು ಮೈಲಿ ನೆಲದ ಮೇಲೆ ಎಳೆದರು. ಆ ಜಾಗ ಬಿಟ್ಟು ಹೊರಡಲು ಒಂದು ತಿಂಗಳೇ ಹಿಡಿಯಿತು.

ಆಗಸ್ಟ್ 17ರಂದು ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. ಅಂದು ಬೆಳಿಗ್ಗೆ ದೂರದಲ್ಲಿ ಕುದುರೆ ಸವಾರರು ಕಂಡರು. ಸಕಾಗವಿಯ ಕುಣಿದಾಡಿದಳು. ಬೆರಳನ್ನು ಬಾಯಿಗಿಟ್ಟು ಚೀಪಿ, ‘ನಾನು ಇವರ ನಡುವೆ ಹಾಲುಂಡವಳು’ ಎಂದು ಸನ್ನೆ ಮಾಡಿದಳು. ಜೊತೆಯಲ್ಲೇ ಸೆರೆ ಸಿಕ್ಕು ತಪ್ಪಿಸಿಕೊಂಡು ಬಂದಿದ್ದ ಬಾಲ್ಯದ ಗೆಳತಿ ಓಡಿಬಂದು ತಬ್ಬಿಕೊಂಡಳು. ಆಮೇಲೆ ಗುಡಾರದೊಳಗೆ ಸಭೆ ಸೇರಿತು. ಮಾತು ದಾಟಿಸಲು ಅವಳನ್ನು ಕರೆದರು. ಬಂದು ಕೂತು ಬಾಯಿ ತೆರೆಯುವಷ್ಟರಲ್ಲಿ ಎದುರಿಗೆ ಕೂತ ಮುಖಂಡನ ಗುರುತು ಸಿಕ್ಕಿತು. ಅವನು ಕ್ಯಾಮಿಯಾವೇಟ್, ಅವಳ ಅಣ್ಣ. ಎದ್ದು ಹೋಗಿ ತನ್ನ ಕಂಬಳಿಯನ್ನು ಅವನ ಮೇಲೆ ಹೊದಿಸಿ ಅತ್ತಳು. ಮತ್ತೆ ಬಂದು ತನ್ನ ಜಾಗದಲ್ಲಿ ಕೂತು ಕೆಲಸ ಮುಂದುವರಿಸಿದಳು. ನಡುನಡುವೆ ಅಳು ಬಂದು ಮಾತು ನಿಲ್ಲುತ್ತಿತ್ತು. ಸಭೆ ಮುಗಿದ ಮೇಲೆ ತಿಳಿದದ್ದು ಇನ್ನೊಂದು: ಅವಳ ಮನೆಯವರಲ್ಲಿ ಹೆಚ್ಚಿನವರು ತೀರಿಹೋಗಿದ್ದರು.

ಆ ಸಭೆಯಲ್ಲಿ ಮಾತು ಹೇಗೆ ಸಾಗಿತು ಗೊತ್ತೇ? ಕ್ಯಾಪ್ಟನ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಲಾಬೀಶ್ ಎಂಬ ಸಿಪಾಯಿ ಫ್ರೆಂಚಿಗೆ ತಂದ. ಶಾರ್ಬೊನೊ ಅದನ್ನು ಹಿಡಾಟ್ಸಾ ಮಾಡಿ ಹೆಂಡತಿಗೆ ಹೇಳಿದ. ಅವಳು ಶೋಶೋನಿಯಲ್ಲಿ ಅಣ್ಣನಿಗೆ ಹೇಳಿದಳು. ಉತ್ತರ ಅದೇ ಮೆಟ್ಟಿಲುಗಳನ್ನು ಹತ್ತಿ ಹಿಂದಕ್ಕೆ ಬರಬೇಕು.

ಅವಳಿಗೆ ಬಂದ ಕಠಿಣ ಪರೀಕ್ಷೆ ಇದಾದ ಎಂಟು ದಿನಕ್ಕೆ. ಶೋಶೋನಿ ಜನ ಹಸಿದಿದ್ದರು. ಪರ್ವತ ಇಳಿದು ಬಯಲಿಗೆ ಹೋಗಿ ಬೈಸನ್ ಎಂಬ ಕಾಡುಕೋಣಗಳನ್ನು ಬೇಟೆಯಾಡಿದರೆ ಮಾತ್ರ ಹೊಟ್ಟೆಗೆ ಅನ್ನ. ಆದರೆ ತಂಡದ ಸರಕನ್ನು ಪರ್ವತ ದಾಟಿಸಿ, ಕುದುರೆ ಮಾರಿ, ಆಮೇಲೆ ಹೋಗುವುದಾಗಿ ಕ್ಯಾಮಿಯಾವೇಟ್ ಮಾತು ಕೊಟ್ಟಿದ್ದ. ಜನರ ಹಸಿವು ನೋಡಲಾರದೆ, ಮರುದಿನವೇ ಎಲ್ಲರೂ ಬೇಟೆಗೆ ಹೊರಡಿ ಎಂದು ಗುಟ್ಟಾಗಿ ಹೇಳಿಕಳುಹಿಸಿದ. ಅದು ಸಕಾಗವಿಯಳ ಕಿವಿಗೆ ಬಿತ್ತು. ಅವಳು ಗಂಡನಿಗೆ ಹೇಳಿದಳು. ಅವನು ಮಧ್ಯಾಹ್ನವಾದ ಮೇಲೆ ಏನೋ ಸಣ್ಣ ಸುದ್ದಿ ಎಂಬಂತೆ ಲೂಯಿಸನಿಗೆ ಹೇಳಿದ. ಲೂಯಿಸ್ ಮುಖಂಡರನ್ನು ಕರೆಸಿ ಕೊಟ್ಟ ಮಾತು ನೆನಪಿಸಿದ. ಕ್ಯಾಮಿಯಾವೇಟ್ ಒಪ್ಪಿಕೊಂಡು ಬೇಟೆ ನಿಲ್ಲಿಸಿದ.

ಒಂದು ಕಡೆ ಹಸಿದ ಅಣ್ಣ, ಹಸಿದ ತವರು. ಇನ್ನೊಂದು ಕಡೆ ತಾನು ಯಾರ ಅನ್ನ ಉಣ್ಣುತ್ತಿದ್ದಳೋ ಆ ತಂಡ. ಅವಳು ಸುಮ್ಮನಿದ್ದಿದ್ದರೆ ಪ್ರಯಾಣ ಅಲ್ಲಿಗೇ ನಿಲ್ಲಬಹುದಾಗಿತ್ತು. ಹೇಳಿದ್ದರಿಂದ ತನ್ನವರ ಹಸಿವು ಇನ್ನಷ್ಟು ದಿನ ಉಳಿಯಿತು. ಅವಳ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಕೇಳಲಿಲ್ಲ, ಯಾರೂ ಬರೆಯಲಿಲ್ಲ. ಎರಡು ಜನರ ನಡುವೆ ನಿಂತವರಿಗೆ ಇಂಥ ದಿನಗಳು ಬರುತ್ತವೆ. ಎರಡೂ ಕಡೆಯವರಿಗೆ ಅವರ ನಾಲಿಗೆ ಬೇಕು, ಅವರ ಸಂಕಟ ಬೇಡ.

ಸುಮಾರು ಮೂವತ್ತು ಕುದುರೆಗಳೊಡನೆ ತಂಡ ಮುಂದೆ ಸಾಗಿತು. ಸೆಪ್ಟೆಂಬರಿನಲ್ಲಿ ಸಾಲಿಶ್ ಜನರು ಸಿಕ್ಕರು. ಅವರ ಮಾತು ತಂಡದ ಒಬ್ಬರಿಗೂ ಅರ್ಥವಾಗಲಿಲ್ಲ. ಅವರ ನಡುವೆ ಒಬ್ಬ ಶೋಶೋನಿ ಹುಡುಗನಿದ್ದ. ಸಾಲಿಶ್‌ನಿಂದ ಶೋಶೋನಿಗೆ ಆ ಹುಡುಗ, ಶೋಶೋನಿಯಿಂದ ಹಿಡಾಟ್ಸಾಗೆ ಸಕಾಗವಿಯ, ಅಲ್ಲಿಂದ ಫ್ರೆಂಚಿಗೆ ಶಾರ್ಬೊನೊ, ಫ್ರೆಂಚಿನಿಂದ ಇಂಗ್ಲಿಷಿಗೆ ಲಾಬೀಶ್. ಐದು ಭಾಷೆ, ನಾಲ್ಕು ಜನ. ಆ ಹುಡುಗನ ಹೆಸರು ಯಾವ ದಿನಚರಿಯಲ್ಲೂ ಇಲ್ಲ.

ಮುಂದಿನ ಪರ್ವತದ ಹಾದಿಯಲ್ಲಿ ಹಿಮ ಬಿತ್ತು. ತಿನ್ನಲು ಏನೂ ಇಲ್ಲದೆ ಕುದುರೆಮರಿಗಳನ್ನು ಕೊಂದು ತಿಂದರು. ಸೊರಗಿ ಇಳಿದು ಬಂದವರಿಗೆ ನೆಜ್ ಪರ್ಸ್ ಜನರು ಒಣಮೀನು, ಕಾಮಾಸ್ ಎಂಬ ಗಡ್ಡೆ ಕೊಟ್ಟು ಕಾಪಾಡಿದರು, ಮರದ ದೋಣಿ ಮಾಡಲು ನೆರವಾದರು. ನವೆಂಬರ್ ನಡುವಿನಲ್ಲಿ ಸಾಗರ ಸಿಕ್ಕಿತು. ಚಳಿಗಾಲಕ್ಕೆ ಎಲ್ಲಿ ಬೀಡುಬಿಡಬೇಕು ಎಂದು ಕೇಳುವಾಗ ಎಲ್ಲರ ಅಭಿಪ್ರಾಯ ಬರೆದುಕೊಂಡರು. ಸಕಾಗವಿಯ ಮತ್ತು ಕ್ಲಾರ್ಕ್‌ನ ಗುಲಾಮನಾಗಿದ್ದ ಕರಿಯ ಜನಾಂಗದ ಯಾರ್ಕ್, ಇಬ್ಬರ ಮಾತನ್ನೂ ಅಂದು ಕೇಳಿದರು. ಅದೊಂದು ದಿನದ ಮಾತು.

ಮರುವರ್ಷ ಮೇ ತಿಂಗಳಲ್ಲಿ ಹಿಂದಿರುಗುವಾಗ ನೆಜ್ ಪರ್ಸ್ ಮುಖಂಡರ ದೊಡ್ಡ ಸಭೆ ನಡೆಯಿತು. ಮತ್ತೆ ಅದೇ ಸರಪಳಿ, ಮತ್ತೆ ಒಬ್ಬ ಶೋಶೋನಿ ಸೆರೆಯಾಳು ಹುಡುಗ. ಹೇಳಬೇಕಾದದ್ದನ್ನು ಹೇಳಿ ಮುಗಿಸಲು ಹತ್ತಿರ ಹತ್ತಿರ ಅರ್ಧ ದಿನ ಹಿಡಿಯಿತು ಎಂದು ಲೂಯಿಸ್ ಬೇಸರದಿಂದ ಬರೆದಿದ್ದಾನೆ. ಆ ಅರ್ಧ ದಿನ ಅಲುಗಾಡದೆ ಕೂತು ಕೇಳಿದ ಮುಖಂಡರ ತಾಳ್ಮೆಯನ್ನೂ ನಾವು ನೆನೆಯಬೇಕು. ಸ್ನೇಹದ ಮಾತು ಕೊಟ್ಟರು, ಪಡೆದರು.

1806ರ ಸೆಪ್ಟೆಂಬರ್ 23ರಂದು ತಂಡ ಸೇಂಟ್ ಲೂಯಿಸ್ ಪಟ್ಟಣಕ್ಕೆ ಮರಳಿತು. ಎರಡು ವರ್ಷ ನಾಲ್ಕು ತಿಂಗಳು, ಸುಮಾರು ಎಂಟು ಸಾವಿರ ಮೈಲಿ. ಕಾಯಿಲೆಯಿಂದ ತೀರಿಕೊಂಡ ಸಾರ್ಜೆಂಟ್ ಫ್ಲಾಯ್ಡ್ ಒಬ್ಬನನ್ನು ಬಿಟ್ಟರೆ ತಂಡದಲ್ಲಿ ಯಾರೂ ಸಾಯಲಿಲ್ಲ. ಸಿಪಾಯಿಗಳಿಗೆ ಎರಡರಷ್ಟು ಸಂಬಳ, ತಲಾ 320 ಎಕರೆ ಜಮೀನು ಸಿಕ್ಕಿತು. ಲಾಬೀಶ್ ದುಭಾಷಿಯಾಗಿ ದುಡಿದರೂ ಸಿಪಾಯಿಯ ಸಂಬಳವಷ್ಟೇ ಪಡೆದ, ಅವನಿಗೆ ಹೆಚ್ಚು ಕೊಡಬೇಕು ಎಂದು ಲೂಯಿಸನೇ ಸರ್ಕಾರಕ್ಕೆ ಬರೆದ. ಶಾರ್ಬೊನೊನಿಗೆ 500 ಡಾಲರ್ 33 ಸೆಂಟ್. ಯಾರ್ಕ್‌ಗೆ ಏನೂ ಇಲ್ಲ, ಬಿಡುಗಡೆಯೂ ತಕ್ಷಣಕ್ಕೆ ಸಿಗಲಿಲ್ಲ. ಸಕಾಗವಿಯಳಿಗೆ ಒಂದು ಕಾಸೂ ಇಲ್ಲ. 1812ರ ಡಿಸೆಂಬರಿನಲ್ಲಿ ಒಂದು ವ್ಯಾಪಾರದ ಕೋಟೆಯ ಗುಮಾಸ್ತ ‘ಶಾರ್ಬೊನೊನ ಹೆಂಡತಿ’ ಜ್ವರದಿಂದ ತೀರಿಕೊಂಡಳು ಎಂದು ಬರೆದಿದ್ದಾನೆ. ಅಲ್ಲಿಯೂ ಹೆಸರಿಲ್ಲ. ಅವಳು ತನ್ನ ಜನರ ನಡುವೆ ಮುಪ್ಪಿನವರೆಗೂ ಬದುಕಿದಳು ಎಂದು ಶೋಶೋನಿ ಹಿರಿಯರು ಹೇಳುತ್ತ ಬಂದಿದ್ದಾರೆ. ಬೆನ್ನ ಮೇಲಿದ್ದ ಕೂಸು ಜಾನ್ ಬ್ಯಾಪ್ಟಿಸ್ಟ್ ಕ್ಲಾರ್ಕ್‌ನ ಆಶ್ರಯದಲ್ಲಿ ಓದಿದ, ಯುರೋಪಿನಲ್ಲಿ ಆರು ವರ್ಷ ಇದ್ದು ಬಂದ, ಹಲವು ಭಾಷೆಗಳನ್ನಾಡುವ ದಾರಿತೋರುಗನಾಗಿ ಬಾಳಿದ.

ಇನ್ನು ಆ ಸ್ನೇಹದ ಮಾತು ಏನಾಯಿತು? ಅನ್ನವಿಟ್ಟ ನೆಜ್ ಪರ್ಸ್ ಜನರ ನೆಲವನ್ನು 1855, 1863ರ ಒಪ್ಪಂದಗಳು ಕತ್ತರಿಸುತ್ತ ಹೋದವು. 1877ರಲ್ಲಿ ಸೈನ್ಯ ಅವರನ್ನು ಅಟ್ಟಿಸಿಕೊಂಡು ಹೋಯಿತು. ಜೋಳ ಕೊಟ್ಟ ಮಂಡಾನ್ ಜನರಿಗೆ 1837ರಲ್ಲಿ ಉಗಿಹಡಗಿನ ಜೊತೆ ಸಿಡುಬು ಬಂತು. ಒಂದೂವರೆ ನೂರರಷ್ಟು ಜನವೂ ಉಳಿಯಲಿಲ್ಲವೆಂದು ಅಂದಾಜು. ಉಳಿದವರು ಹಿಡಾಟ್ಸಾ, ಅರಿಕಾರಾ ಜನರೊಡನೆ ಕೂಡಿ ಮಿಸೌರಿಯ ದಂಡೆಯಲ್ಲೇ ಬಾಳು ಕಟ್ಟಿಕೊಂಡರು. 1947ರಿಂದ 1953ರವರೆಗೆ ಅಲ್ಲಿ ಗ್ಯಾರಿಸನ್ ಅಣೆಕಟ್ಟು ಕಟ್ಟಿದರು. ಅವರ ಒಂದೂವರೆ ಲಕ್ಷ ಎಕರೆಗೂ ಹೆಚ್ಚು ನೆಲ ಹೋಯಿತು, ಊರುಗಳು ಮುಳುಗಿದವು. ಆ ಜಲಾಶಯಕ್ಕೆ ಇಟ್ಟ ಹೆಸರು ಯಾವುದು ಗೊತ್ತೇ? ಸಕಾಗವಿಯ ಸರೋವರ. 2000ನೆಯ ಇಸವಿಯಲ್ಲಿ ಅವಳ ಚಿತ್ರವಿರುವ ಒಂದು ಡಾಲರಿನ ನಾಣ್ಯವೂ ಬಂತು. ಬದುಕಿದ್ದಾಗ ಅವಳ ಕೈಗೆ ಕೊಡದ ಡಾಲರು ಅದು.

ಶಬ್ದಗಳ ಪಟ್ಟಿಯೂ ಉಳಿಯಲಿಲ್ಲ. ಜೆಫರ್ಸನ್ ವರ್ಷಗಟ್ಟಲೆ ಕೂಡಿಟ್ಟ ಮೂಲನಿವಾಸಿ ಭಾಷೆಗಳ ಪಟ್ಟಿಗಳು 1809ರಲ್ಲಿ ಪೆಟ್ಟಿಗೆ ಸಮೇತ ಕಳವಾದವು. ಹಣವಿದೆಯೆಂದು ಕದ್ದ ಕಳ್ಳ, ಕಾಗದ ನೋಡಿ ನದಿಗೆಸೆದ. ದಡಕ್ಕೆ ಬಂದದ್ದು ಕೆಲವೇ ಹಾಳೆಗಳು. ಲೂಯಿಸ್ ಮತ್ತು ಕ್ಲಾರ್ಕ್ ಬರೆದು ತಂದ ಪಟ್ಟಿಗಳೂ ಇಂದಿನವರೆಗೆ ಸಿಕ್ಕಿಲ್ಲ. ಮಂಡಾನ್ ಭಾಷೆಯನ್ನು ಮನೆಮಾತಾಗಿ ನಿರರ್ಗಳವಾಗಿ ಆಡುತ್ತಿದ್ದ ಕೊನೆಯವರೆನಿಸಿದ ಎಡ್ವಿನ್ ಬೆನ್ಸನ್ 2016ರಲ್ಲಿ ತೀರಿಕೊಂಡರು. ತಮ್ಮ ಕೊನೆಯ ವರ್ಷಗಳಲ್ಲಿ ಅವರು ಮಕ್ಕಳಿಗೆ ಆ ಭಾಷೆ ಕಲಿಸುತ್ತಿದ್ದರು. ಅವರ ದನಿಯ ಧ್ವನಿಮುದ್ರಣಗಳಿವೆ, ಅವುಗಳನ್ನು ಕೇಳಿ ಕಲಿಯುವವರೂ ಇದ್ದಾರೆ.

ಕೇಳುಗ ಬಾಂಧವರೇ, ಕಾಗದಕ್ಕೆ ಇಳಿದ ಭಾಷೆ ನದಿ ಪಾಲಾಗಬಹುದು. ಬಾಯಲ್ಲಿ ಉಳಿದ ಭಾಷೆಯೇ ಕ್ರೂಜಾಟ್‌ನ ಕಿವಿಗೆ ಎಚ್ಚರಿಕೆ ತಲುಪಿಸಿದ್ದು, ಐದು ವರ್ಷ ಸೆರೆಯಲ್ಲಿದ್ದರೂ ಸಕಾಗವಿಯಳಿಗೆ ಅಣ್ಣನೊಡನೆ ಮಾತಾಡಲು ಒದಗಿದ್ದು. ಎರಡನೆಯ ಭಾಷೆ ಕಲಿತರೆ ಮೊದಲನೆಯದು ಹೋಗುತ್ತದೆ ಎಂದು ಹೆದರುವವರಿಗೂ, ಮೊದಲನೆಯದು ಬಿಟ್ಟರೆ ಎರಡನೆಯದು ಚೆನ್ನಾಗಿ ಬರುತ್ತದೆ ಎಂದು ಮಕ್ಕಳಿಗೆ ಹೇಳುವವರಿಗೂ ಇದೇ ಉತ್ತರ. ಅವಳಿಗೆ ಒಂದೇ ಭಾಷೆ ಬರುತ್ತಿದ್ದರೆ ಆ ಗುಡಾರದಲ್ಲಿ ಅವಳಿಗೆ ಜಾಗವೇ ಇರುತ್ತಿರಲಿಲ್ಲ. ನಿಮ್ಮ ಊರಿನಲ್ಲಿ ಮುಂದಿನ ಸಲ ಯಾರಾದರೂ ಎರಡು ಕಡೆಯವರ ನಡುವೆ ನಿಂತು ಮಾತು ದಾಟಿಸಿದರೆ, ಅವರ ಹೆಸರನ್ನೂ ಆ ಕಾಗದದಲ್ಲಿ ಬರೆಸಿ. ಜೊತೆಗೆ, ದಾಟಿಸಿದ ಮಾತಿನ ಅರ್ಥ ಎರಡೂ ದಡದಲ್ಲಿ ಒಂದೇ ಆಗಿದೆಯೇ ಎಂದು, ಸಹಿ ಹಾಕುವ ಮೊದಲೇ, ಅವರನ್ನೇ ಕೇಳಿ.